ಕ್ಯಾನ್ಸರ್ ಪೇಷಂಟ್ ಕನ್ಸೆಷನ್ ಟಿಕೆಟ್ ಸಣ್ಣ ಸ್ಟೇಷನ್ ಕೌಂಟರ್‌ನಾಗ ಕೊಡಂಗಿಲ್ಲೇನ್ರಿ?

ಧಾರವಾಡದ ಮಗಳು

ಎಲ್ಲಾರಿಗೂ ನಮಸ್ಕಾರ್ರಿ. ನಾ ಬೆಂಗಳೂರಾಗ ಕೆಲಸ ಮಾಡ್ತೇನಿ, ನಮ್ಮವ್ವ ಧಾರವಾಡದಾಗ ಅದಾಳ. ಅಕಿಗೆ ಕ್ಯಾನ್ಸರ್ ಆಪರೇಷನ್ ಆಗೇತಿ, ಈಗ ಮೂರು ವಾರಕ್ಕೊಮ್ಮೆ ಕೀಮೋಕ್ಕ ಬೆಂಗಳೂರಿಗೆ ಬರಬೇಕು. ಸಂಗಾಟ ನಮ್ಮ ಚಿಕ್ಕವ್ವ ಬರ್ತಾಳ. ದವಾಖಾನ್ಯಾಗ ರೈಲ್ವೆ ಕನ್ಸೆಷನ್ ಫಾರ್ಮ್ ತುಂಬಿ, ಡಾಕ್ಟರ್ ಸಹಿ ಹಾಕಿ, ಸೀಲ್ ಒತ್ತಿ ಕೊಟ್ಟಾರ.

ಮೊನ್ನೆ ಮುಂಜಾನೆ ಆಫೀಸಿಗೆ ಹೋಗೂದಕ್ಕಿಂತ ಮೊದಲ ಮನಿ ಹತ್ರದ ಸ್ಟೇಷನ್ನಿಗೆ ಹೋದೆ. ಅಲ್ಲಿ ಜನರಲ್ ಟಿಕೆಟ್, ಪಾಸು, ರಿಸರ್ವೇಷನ್ ಎಲ್ಲಾ ಒಂದ ಕಿಂಡ್ಯಾಗ. ನಲವತ್ತು ನಿಮಿಷ ಪಾಳಿ ಹಚ್ಚಿದೆ. ನನ್ನ ಪಾಳಿ ಬಂದಾಗ ಫಾರ್ಮ್ ಒಳಗ ಸರಿಸಿದೆ. ಅವರು ಹಿಂದ ಮುಂದ ತಿರುವಿ ನೋಡಿದ್ರು, 'ಇದು ಇಲ್ಲಿ ಆಗಲ್ಲಮ್ಮ, ದೊಡ್ಡ ಸ್ಟೇಷನ್‌ಗೆ ಹೋಗಿ' ಅಂತ ವಾಪಸ್ ಸರಿಸಿದ್ರು. ಯಾಕ ಆಗಂಗಿಲ್ಲ ಅಂತ ಕೇಳೂದ್ರಾಗ ಹಿಂದಿನವರು 'ಟ್ರೈನ್ ಬಂತು, ಬೇಗ ಬನ್ನಿ' ಅಂತ ಶುರು ಮಾಡಿದ್ರು. ಫಾರ್ಮಿನ ಮ್ಯಾಲೆ ಅವ್ವನ ಹೆಸರು, ಅಕಿ ರೋಗದ ಹೆಸರು ದೊಡ್ಡದಾಗಿ ಬರದೈತಿ. ಅದನ್ನ ಎಲ್ಲಾರ ಮುಂದ ಬಿಚ್ಚಿ ಹಿಡ್ಕೊಂಡು ವಾದ ಮಾಡಾಕ ನನಗ ಮನಸ್ಸಾಗ್ಲಿಲ್ಲ. ಮಡಚಿ ಬ್ಯಾಗಿನ್ಯಾಗ ಇಟ್ಕೊಂಡು ಬಂದುಬಿಟ್ಟೆ.

ನಿಜವಾಗ್ಲೂ ಸಣ್ಣ ಸ್ಟೇಷನ್ನಾಗ ಇದು ಆಗಂಗಿಲ್ಲೇನು? ಮೆಜೆಸ್ಟಿಕ್ಕಿಗೇ ಹೋಗಬೇಕೇನು? ಗೊತ್ತಿದ್ದವರು ದಯವಿಟ್ಟು ಹೇಳ್ರಿ.

ಯಲಹಂಕ ಲೋಕಲ್

ಓದಿ ತುಂಬಾ ಬೇಜಾರಾಯ್ತು ಅಕ್ಕ. ಅಮ್ಮ ಬೇಗ ಹುಷಾರಾಗ್ಲಿ. ಐಆರ್‌ಸಿಟಿಸಿಯಲ್ಲಿ ಆನ್‌ಲೈನ್ ಮಾಡೋಕಾಗಲ್ವಾ? ಅಲ್ಲಿ ಕನ್ಸೆಷನ್ ಅಂತ ಏನೋ ಆಯ್ಕೆ ನೋಡಿದ ನೆನಪು.

ಊರುಗೋಲು

ಅದು ನಮ್ಮಂಥ ಅಂಗವಿಕಲರಿಗೆ ಇರೋದು. ಅದಕ್ಕೂ ರೈಲ್ವೆಯವರೇ ಕೊಟ್ಟಿರೋ ಗುರುತಿನ ಚೀಟಿ ಬೇಕು. ರೋಗಿಗಳ ಕನ್ಸೆಷನ್ನು, ವಿದ್ಯಾರ್ಥಿಗಳ ಕನ್ಸೆಷನ್ನು ಎರಡಕ್ಕೂ ಕೌಂಟರೇ ಗತಿ. ಪತ್ರವನ್ನ ಕಣ್ಣಾರೆ ನೋಡಿಯೇ ಟಿಕೆಟ್ ಕೊಡಬೇಕು ಅನ್ನೋದು ಅವರ ಲೆಕ್ಕ.

ನಿವೃತ್ತ ಬುಕಿಂಗ್ ಕ್ಲರ್ಕ್

ತಾಯಿ, ನಾನು ಮೂವತ್ತು ವರ್ಷ ಆ ಕಿಂಡಿಯ ಒಳಗಡೆ ಕೂತವನು. ಮೊದಲು ನಿಮ್ಮ ಪ್ರಶ್ನೆಗೆ ಉತ್ತರ: ರಿಸರ್ವೇಷನ್ ಟಿಕೆಟ್ ಕೊಡೋ ಕೌಂಟರ್ ಆಗಿದ್ದರೆ ಅಲ್ಲಿ ನಿಮ್ಮ ಟಿಕೆಟ್ ಆಗಬೇಕು. ಸ್ಟೇಷನ್ ಸಣ್ಣದೋ ದೊಡ್ಡದೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಧಾರವಾಡದಿಂದ ಬೆಂಗಳೂರಿಗೆ ಬರೋ ಟಿಕೆಟ್ಟನ್ನ ಬೆಂಗಳೂರಿನ ಯಾವ ರಿಸರ್ವೇಷನ್ ಕೌಂಟರಲ್ಲಾದರೂ ತೆಗೆಸಬಹುದು, ಕಂಪ್ಯೂಟರ್ ಒಂದೇ. ಜನರಲ್ ಟಿಕೆಟ್ ಮಾತ್ರ ಕೊಡೋ ಕಿಂಡಿ ಆಗಿದ್ದರೆ ಆಗಲ್ಲ. ನೀವು ಹೇಳೋದು ಕೇಳಿದರೆ ಅದು ಎರಡೂ ಸೇರಿರೋ ಕೌಂಟರು.

ಹಾಗಾದರೆ ಅವರು ಯಾಕೆ ವಾಪಸ್ ಕಳಿಸಿದರು? ನಾನು ಅವರ ಪರ ವಹಿಸ್ತಿಲ್ಲ, ಒಳಗಿನ ಕಥೆ ಹೇಳ್ತೀನಿ. ಕನ್ಸೆಷನ್ ಟಿಕೆಟ್ ಒಂದು ತಪ್ಪಾದರೆ, ಅಂದರೆ ಅರ್ಹತೆ ಇಲ್ಲದವರಿಗೆ ಕೊಟ್ಟರೆ ಅಥವಾ ಲೆಕ್ಕದ ಜೊತೆ ಕಳಿಸೋ ಪತ್ರ ಸರಿ ಇಲ್ಲದಿದ್ದರೆ, ಆ ವ್ಯತ್ಯಾಸದ ದುಡ್ಡು ಅಕೌಂಟ್ಸ್ ವಿಭಾಗದಿಂದ ಕ್ಲರ್ಕ್ ಹೆಸರಿಗೇ ಡೆಬಿಟ್ ಬರುತ್ತೆ. ತಿಂಗಳುಗಳ ಮೇಲೆ ಬರುತ್ತೆ, ಆಗ ಆ ಪ್ರಯಾಣಿಕ ಯಾರು ಅಂತಾನೂ ನೆನಪಿರಲ್ಲ. ನನಗೂ ಸಂಬಳದಲ್ಲಿ ಹಿಡಿದಿದ್ದಾರೆ. ಪ್ಯಾಸೆಂಜರ್ ರೈಲು ಬರೋ ಹೊತ್ತಲ್ಲಿ, ಕಿಂಡಿ ಮುಂದೆ ಐವತ್ತು ಜನ ಚಿಲ್ಲರೆ ಹಿಡ್ಕೊಂಡು ನಿಂತಿರುವಾಗ, ಅಪರೂಪಕ್ಕೆ ಬರೋ ಒಂದು ಫಾರ್ಮನ್ನ ಪೂರ್ತಿ ಓದಿ ಪರೀಕ್ಷೆ ಮಾಡೋ ಧೈರ್ಯ ಹೊಸ ಹುಡುಗರಿಗೆ ಇರಲ್ಲ. 'ದೊಡ್ಡ ಸ್ಟೇಷನ್‌ಗೆ ಹೋಗಿ' ಅನ್ನೋದು ಸುಲಭದ ದಾರಿ. ಆದರೆ ಅದು ತಪ್ಪು ದಾರಿ. ರೋಗಿ ಮನೆಯವರನ್ನ ಊರೆಲ್ಲ ಸುತ್ತಿಸೋದು ಯಾವ ನಿಯಮದಲ್ಲೂ ಇಲ್ಲ.

ಈಗ ನಿಮ್ಮ ಹಕ್ಕು ಏನು ಅಂತ ತಿಳ್ಕೊಳ್ಳಿ. ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗಿಬರೋ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ. 100 ರಿಯಾಯಿತಿ. ಜೊತೆಗೆ ಬರೋ ಒಬ್ಬರಿಗೆ ಅದೇ ಕ್ಲಾಸುಗಳಲ್ಲಿ ಶೇ. 75. ಸೆಕೆಂಡ್ ಸಿಟಿಂಗ್, ಚೇರ್ ಕಾರ್‌ನಲ್ಲಿ ಇಬ್ಬರಿಗೂ ಶೇ. 75, ಸೆಕೆಂಡ್ ಎಸಿ, ಫಸ್ಟ್ ಎಸಿಯಲ್ಲಿ ಶೇ. 50. ಈ ರಿಯಾಯಿತಿ ಮೂಲ ದರಕ್ಕೆ ಮಾತ್ರ. ಸ್ಲೀಪರ್‌ಗೆ 20 ರೂಪಾಯಿ, ಥರ್ಡ್ ಎಸಿಗೆ 40 ರೂಪಾಯಿ ರಿಸರ್ವೇಷನ್ ಚಾರ್ಜು, ಸೂಪರ್‌ಫಾಸ್ಟ್ ಗಾಡಿ ಆದರೆ ಅದರ ಚಾರ್ಜು ಕಟ್ಟಬೇಕು. 'ಫ್ರೀ ಅಂದ್ರಲ್ಲ, ದುಡ್ಡು ಯಾಕೆ' ಅಂತ ಕಿಂಡಿಯಲ್ಲಿ ಜಗಳ ಶುರುವಾಗೋದೇ ಇಲ್ಲಿ. ತತ್ಕಾಲ್‌ನಲ್ಲಿ ಯಾವ ಕನ್ಸೆಷನ್ನೂ ಇಲ್ಲ, ಹಾಗಾಗಿ ಕೀಮೋ ದಿನಾಂಕ ಗೊತ್ತಾದ ಕೂಡಲೇ ಟಿಕೆಟ್ ತೆಗೆಸಿಬಿಡಿ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 60 ದಿನ. ಮೂರು ವಾರದ ಲೆಕ್ಕ ಅದರೊಳಗೆ ಆರಾಮಾಗಿ ಬರುತ್ತೆ.

ಧಾರವಾಡದ ಮಗಳು

ಸರ್, ಭಾಳ ಉಪಕಾರ ಆತ್ರಿ. ಇಷ್ಟು ಸ್ಪಷ್ಟ ನನಗ ಯಾರೂ ಹೇಳಿರಲಿಲ್ಲ. ಎರಡು ಸಂಶಯ. ಫಾರ್ಮ್ ಕೌಂಟರ್‌ನಾಗ ಇಟ್ಕೋತಾರೇನು? ಅವ್ವಗ ಲೋವರ್ ಬರ್ತ್ ಸಿಗೂಹಂಗ ಏನರೆ ಮಾಡಬಹುದೇನು? ಹೊಲಿಗಿ ಹಾಕಿದ ಕಡೆ ಇನ್ನೂ ನೋವೈತಿ, ಕೈ ಮ್ಯಾಲೆ ಎತ್ತಾಕ ಆಗಂಗಿಲ್ಲ, ಮ್ಯಾಲಿನ ಬರ್ತ್ ಅಂದ್ರ ಸಾಧ್ಯನ ಇಲ್ಲ.

ನಿವೃತ್ತ ಬುಕಿಂಗ್ ಕ್ಲರ್ಕ್

ಮೂಲ ಪತ್ರದ ಜೊತೆ ಎರಡು ಜೆರಾಕ್ಸ್ ಇಟ್ಕೊಂಡು ಹೋಗಿ, ಕೇಳಿದಾಗ ಹುಡುಕೋ ಹಾಗಾಗಬಾರದು. ಪ್ರಯಾಣದಲ್ಲಿ ಟಿಕೆಟ್ ನೋಡೋಕೆ ಬರೋ ಟಿಟಿಇ ಪತ್ರವನ್ನೂ ಗುರುತಿನ ಚೀಟಿಯನ್ನೂ ಕೇಳ್ತಾರೆ, ಅದು ಅಮ್ಮನ ಕೈಚೀಲದಲ್ಲೇ ಇರಲಿ, ನಿಮ್ಮ ಹತ್ತಿರ ಅಲ್ಲ. ಪತ್ರದಲ್ಲಿರೋ ಹೆಸರು, ವಯಸ್ಸು ಆಧಾರ್‌ಗೆ ಹೊಂದಬೇಕು. ನಮ್ಮ ಕಡೆ ಇನಿಶಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಇರುತ್ತೆ, ಫಾರ್ಮ್ ಬರೆಸುವಾಗಲೇ ನೋಡ್ಕೊಳ್ಳಿ. ಎಲ್ಲಿಂದ ಎಲ್ಲಿಗೆ ಅನ್ನೋ ಜಾಗದಲ್ಲಿ ಸ್ಟೇಷನ್ ಹೆಸರು ಬರೆದಿರಬೇಕು, ಡಾಕ್ಟರ ಸಹಿ ಕೆಳಗೆ ಅವರ ನೋಂದಣಿ ಸಂಖ್ಯೆ, ಆಸ್ಪತ್ರೆ ಸೀಲು ಓದೋ ಹಾಗಿರಬೇಕು. ಸೀಲು ಮಸುಕಾಗಿದ್ದ ಫಾರ್ಮುಗಳನ್ನ ನಾನೂ ವಾಪಸ್ ಕಳಿಸಿದ್ದೀನಿ, ಈಗ ನೆನೆಸಿಕೊಂಡರೆ ಸಂಕಟ ಆಗುತ್ತೆ.

ರಿಸರ್ವೇಷನ್ ಫಾರ್ಮನ್ನ ಮನೆಯಲ್ಲೇ ತುಂಬಿ. ಮೊದಲ ಸಾಲಲ್ಲಿ ಅಮ್ಮ, ಎರಡನೇ ಸಾಲಲ್ಲಿ ಚಿಕ್ಕಮ್ಮ, ಇಬ್ಬರೂ ಒಂದೇ ಟಿಕೆಟ್‌ನಲ್ಲಿ. ಮೇಲ್ಗಡೆ ಖಾಲಿ ಜಾಗದಲ್ಲಿ 'ಕ್ಯಾನ್ಸರ್ ರೋಗಿ ಮತ್ತು ಸಹಾಯಕಿ' ಅಂತ ಬರೀರಿ. ಗಾಡಿ ನಂಬರು, ದಿನಾಂಕ, ಕ್ಲಾಸು ಎಲ್ಲಾ ಬರೆದು, ಸೀಟು ಇದೆಯೋ ಇಲ್ಲವೋ ಫೋನಲ್ಲಿ ಮೊದಲೇ ನೋಡಿಟ್ಕೊಳ್ಳಿ. ಕಿಂಡಿಯಲ್ಲಿ ನಿಂತು 'ಆ ಗಾಡಿ ಇಲ್ಲಾಂದ್ರೆ ಈ ಗಾಡಿ ನೋಡಿ' ಅನ್ನೋದು ಶುರುವಾದರೆ ಹಿಂದಿನವರ ತಾಳ್ಮೆ ಕೆಡುತ್ತೆ. ಲೋವರ್ ಬರ್ತ್ ಅಂತ ಫಾರ್ಮಲ್ಲಿ ಬರೀರಿ. 45 ದಾಟಿದ ಹೆಂಗಸರಿಗೆ, ಬುಕಿಂಗ್ ಹೊತ್ತಿಗೆ ಖಾಲಿ ಇದ್ದರೆ, ಕೇಳದಿದ್ದರೂ ಕೆಳಗಿನದನ್ನೇ ಕೊಡೋಕೆ ಕಂಪ್ಯೂಟರ್ ನೋಡುತ್ತೆ. ಬೇಗ ತೆಗೆಸಿದಷ್ಟೂ ಒಳ್ಳೇದು.

ಹೋಗೋ ಹೊತ್ತು ಬಹಳ ಮುಖ್ಯ. ಬೆಳಿಗ್ಗೆ ಆಫೀಸ್ ಗಾಡಿಗಳ ಸಮಯ ಬೇಡ. 10 ಗಂಟೆಗೆ ಎಸಿ ತತ್ಕಾಲ್, 11ಕ್ಕೆ ಸ್ಲೀಪರ್ ತತ್ಕಾಲ್, ಆಗ ಯಾರೂ ತಲೆ ಎತ್ತಿ ನೋಡಲ್ಲ. ಮಧ್ಯಾಹ್ನ ಎರಡರ ಮೇಲೆ ಹೋಗಿ. ರಿಸರ್ವೇಷನ್ ಸಾಮಾನ್ಯವಾಗಿ ರಾತ್ರಿ 8ರವರೆಗೆ ಇರುತ್ತೆ, ಭಾನುವಾರ ಮಧ್ಯಾಹ್ನ 2ಕ್ಕೇ ಮುಗಿಯುತ್ತೆ.

ತುಮಕೂರು ಪಾಸು

ನಾನು ದಿನಾ ಓಡಾಡೋನು, ನೇರವಾಗಿ ಹೇಳ್ತೀನಿ, ತಪ್ಪು ತಿಳೀಬೇಡಿ. ಹಿಂದೆ ನಿಂತು 'ಬೇಗ ಬನ್ನಿ' ಅನ್ನೋರಲ್ಲಿ ನಾನೂ ಒಬ್ಬ. 7.20ರ ಗಾಡಿ ಹಿಡೀಬೇಕು, ಮುಂದೆ ಯಾರೋ ಆರು ಜನದ ರಿಸರ್ವೇಷನ್ ಫಾರ್ಮ್ ಕೊಟ್ಟು ನಿಂತಿರ್ತಾರೆ. ಗಾಡಿ ತಪ್ಪಿದರೆ ಅರ್ಧ ದಿನದ ಸಂಬಳ ಹೋಗುತ್ತೆ. ಎರಡೂ ಕೆಲಸ ಒಂದೇ ಕಿಂಡಿಗೆ ಹಾಕಿದ್ದೇ ತಪ್ಪು. ಜನರಲ್ ಟಿಕೆಟ್‌ಗೆ ಹತ್ತು ಸೆಕೆಂಡ್ ಸಾಕು, ರಿಸರ್ವೇಷನ್‌ಗೆ ಐದು ನಿಮಿಷ ಬೇಕು. ಇಬ್ಬರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿದರೆ ಜಗಳ ಆಗದೆ ಇನ್ನೇನು?

ಆದರೆ ಈ ಅಕ್ಕ ಬರೆದಿದ್ದು ಓದಿದ ಮೇಲೆ ಒಂಥರಾ ಆಯ್ತು. ಮುಂದೆ ನಿಂತವರ ಕೈಯಲ್ಲಿ ಏನಿದೆ ಅಂತ ನಾವು ನೋಡೋದೇ ಇಲ್ಲ.

ಊರುಗೋಲು

ಅಣ್ಣ, ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ನಿಮಗೆ ಕಿಂಡಿ ಬಿಟ್ಟು ಬೇರೆ ದಾರಿ ಇದೆ, ಅವರಿಗೆ ಇಲ್ಲ. ಪಾಸು, ಜನರಲ್ ಟಿಕೆಟ್ ಎರಡನ್ನೂ ಯುಟಿಎಸ್ ಆ್ಯಪ್‌ನಲ್ಲಿ ತಗೋಬಹುದಿತ್ತು, ಈಗ 2025ರ ಜುಲೈನಿಂದ ರೈಲ್‌ವನ್ ಆ್ಯಪ್ ಬಂದಿದೆ. ಆ್ಯಪ್‌ನಲ್ಲೇ ಇರೋ ಆರ್-ವ್ಯಾಲೆಟ್‌ಗೆ ದುಡ್ಡು ಹಾಕಿ ತಗೊಂಡರೆ ಶೇ. 3 ಲಾಭ. ಪಾಸು ಮುಗಿಯೋಕೆ ಹತ್ತು ದಿನ ಮೊದಲೇ ರಿನ್ಯೂ ಮಾಡಿಸಬಹುದು, ಸೋಮವಾರ ಬೆಳಿಗ್ಗೆ ಕಿಂಡಿಗೆ ಓಡೋದು ಬೇಕಿಲ್ಲ. ಮೂರು ತಿಂಗಳ ಪಾಸು ತಿಂಗಳ ಪಾಸಿನ 2.7 ಪಟ್ಟು ಮಾತ್ರ. ಅಂದರೆ ಮೂರು ಸಲ ಸಾಲಲ್ಲಿ ನಿಲ್ಲೋದೂ ತಪ್ಪುತ್ತೆ, ದುಡ್ಡೂ ಉಳಿಯುತ್ತೆ. ಆ್ಯಪ್ ಬಳಸಬಲ್ಲವರು ಆ್ಯಪ್‌ಗೆ ಹೋದರೆ, ಕಿಂಡಿ ಬಿಟ್ಟು ಗತಿ ಇಲ್ಲದವರಿಗೆ ಕಿಂಡಿ ಉಳಿಯುತ್ತೆ.

ನನ್ನ ಅನುಭವ ಹೇಳ್ತೀನಿ. ಪೋಲಿಯೊದಿಂದ ಎರಡೂ ಕಾಲಿಗೆ ಬಲ ಇಲ್ಲ, ಜೊತೆಗೆ ಒಬ್ಬರಿಲ್ಲದೆ ಪ್ರಯಾಣ ಆಗಲ್ಲ. ಕಿಂಡಿಯ ಕಟ್ಟೆ ನನ್ನ ಗಾಲಿಕುರ್ಚಿಗಿಂತ ಎತ್ತರ, ಒಳಗಿರೋರಿಗೆ ನಾನು ಕಾಣೋದೇ ಇಲ್ಲ. ಕೈ ಮೇಲೆತ್ತಿ ಕಾರ್ಡ್ ಆಡಿಸಬೇಕು. ಎಷ್ಟೋ ಸಲ ಪಕ್ಕದವರು 'ಇಲ್ಲೊಬ್ಬರಿದ್ದಾರೆ ನೋಡಿ' ಅಂತ ಕೂಗಿ ಹೇಳಿದ್ದಾರೆ. ಆ ಗುರುತಿನ ಚೀಟಿ ಮಾಡಿಸಿಕೊಂಡ ಮೇಲೆ ಮನೆಯಲ್ಲೇ ಕೂತು ಬುಕ್ ಮಾಡ್ತೀನಿ. ಮೊದಲು ಅದಕ್ಕೂ ಡಿವಿಷನ್ ಆಫೀಸಿಗೆ ಅಲೀಬೇಕಿತ್ತು, ಈಗ ಅರ್ಜಿ ಆನ್‌ಲೈನ್ ಆಗಿದೆ. ನಮಗೆ ಸ್ಲೀಪರ್, ಥರ್ಡ್ ಎಸಿ, ಚೇರ್ ಕಾರ್‌ನಲ್ಲಿ ಶೇ. 75, ಜೊತೆಗಿರೋರಿಗೂ ಅಷ್ಟೇ. ರೋಗಿಗಳಿಗೂ ಇಂಥದ್ದೊಂದು ಕಾರ್ಡ್ ಕೊಟ್ಟರೆ ಈ ಅಕ್ಕ ಮೂರು ವಾರಕ್ಕೊಮ್ಮೆ ಆಫೀಸಿಗೆ ರಜೆ ಹಾಕಬೇಕಾಗಿರಲಿಲ್ಲ. ಇದನ್ನ ನಾವೆಲ್ಲ ಸೇರಿ ಬರೆದು ಕೇಳಬೇಕು.

ಥಲಸ್ಸೀಮಿಯಾ ಅಪ್ಪ

ಊರುಗೋಲು ಅವರೇ, ಈ ಮಾತಿಗೆ ನನ್ನ ಪೂರ್ತಿ ಬೆಂಬಲ. ನನ್ನ ಮಗನಿಗೆ ಏಳು ವರ್ಷ, ರಕ್ತ ಹಾಕಿಸೋಕೆ ಬರ್ತಾನೇ ಇರ್ತೀವಿ. ಜನ್ಮಕ್ಕಂಟಿದ ರೋಗ, ಪ್ರತಿ ಸಲ ಹೊಸ ಪತ್ರ, ಹೊಸ ಸೀಲು. ಥಲಸ್ಸೀಮಿಯಾಕ್ಕೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75 ಇದೆ. ಹೃದಯದ ಆಪರೇಷನ್‌ಗೆ ಹೋಗೋರಿಗೆ, ಕಿಡ್ನಿ ಕಸಿಗೋ ಡಯಾಲಿಸಿಸ್‌ಗೋ ಹೋಗೋರಿಗೆ, ಹಿಮೋಫಿಲಿಯಾ ಇರೋರಿಗೂ ಹಾಗೇ. ಇದು ನಮಗೆ ಗೊತ್ತಾಗೋ ಹೊತ್ತಿಗೆ ಎರಡು ವರ್ಷ ಪೂರ್ತಿ ದುಡ್ಡು ಕೊಟ್ಟು ಓಡಾಡಿದ್ದೆವು. ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ, ಸ್ಟೇಷನ್‌ನಲ್ಲೂ ಬೋರ್ಡ್ ಕಾಣಲಿಲ್ಲ. ವಾರ್ಡ್‌ನಲ್ಲಿ ಪಕ್ಕದ ಮಂಚದ ತಾಯಿ ಹೇಳಿದ್ದು.

ಒಂದು ಸಲಹೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನ ಕೇಳಿ. ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳಿಗೆ ಊರೂರಿಂದ ಜನ ಬರ್ತಾರೆ, ಈ ಫಾರ್ಮು ಅಲ್ಲಿಯವರಿಗೆ ಹೊಸದಲ್ಲ.

ಹಾಸನದ ಹುಡುಗಿ

ಇದೇ ಚರ್ಚೆಯಲ್ಲಿ ಕೇಳಬಹುದಾ? ವಿದ್ಯಾರ್ಥಿಗಳ ಕನ್ಸೆಷನ್ ಈಗಲೂ ಇದೆಯಾ? ಕಾಲೇಜಲ್ಲಿ ಕೇಳಿದರೆ ಅದೆಲ್ಲ ಕೊರೊನಾ ಟೈಮಲ್ಲಿ ನಿಂತೋಯ್ತು ಅಂದರು.

ನಿವೃತ್ತ ಬುಕಿಂಗ್ ಕ್ಲರ್ಕ್

ನಿಂತಿಲ್ಲಮ್ಮ. 2020ರ ಮಾರ್ಚ್ 20ರಿಂದ ಬೇರೆ ಹಲವು ಕನ್ಸೆಷನ್ ನಿಲ್ಲಿಸಿದರು. ಉಳಿಸಿದ್ದು ಮೂರು ಗುಂಪು: ನಾಲ್ಕು ಬಗೆಯ ಅಂಗವಿಕಲರು, ಹನ್ನೊಂದು ಬಗೆಯ ರೋಗಿಗಳು, ಮತ್ತೆ ವಿದ್ಯಾರ್ಥಿಗಳು. ರಜೆಗೆ ಊರಿಗೆ ಹೋಗಿಬರೋಕೆ ಸೆಕೆಂಡ್ ಕ್ಲಾಸ್, ಸ್ಲೀಪರ್‌ನಲ್ಲಿ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 75. ಪ್ರಿನ್ಸಿಪಾಲರ ಸಹಿ, ಸೀಲು ಇರೋ ರೈಲ್ವೆ ಫಾರ್ಮ್ ಬೇಕು.

ಇನ್ನೊಂದು ಬಹಳ ಮನೆಗಳಿಗೆ ಗೊತ್ತಿಲ್ಲ. ಮನೆಯಿಂದ ಕಾಲೇಜಿಗೆ ದಿನಾ ಓಡಾಡೋ ಹೆಣ್ಣುಮಕ್ಕಳಿಗೆ ಪದವಿವರೆಗೆ, ಗಂಡುಮಕ್ಕಳಿಗೆ 12ನೇ ತರಗತಿವರೆಗೆ ಸೆಕೆಂಡ್ ಕ್ಲಾಸ್ ತಿಂಗಳ ಪಾಸು ಉಚಿತ. ಪಾಸಿನ ದೂರ 150 ಕಿಲೋಮೀಟರ್‌ವರೆಗೆ. ರಾಮನಗರ, ಮಂಡ್ಯ, ತುಮಕೂರಿಂದ ಬೆಂಗಳೂರಿಗೆ ಬರೋ ಎಷ್ಟೋ ಹುಡುಗಿಯರು ದುಡ್ಡು ಕೊಟ್ಟು ಪಾಸು ಮಾಡಿಸ್ತಿದ್ದರು, ನಾನೇ ಕಿಂಡಿಯಿಂದ ಕರೆದು ಹೇಳಿ ಕಳಿಸ್ತಿದ್ದೆ.

ಹಾಸನದ ಹುಡುಗಿ

ಥ್ಯಾಂಕ್ಯೂ ಸರ್! ನಮ್ಮ ಹಾಸ್ಟೆಲ್ ಗ್ರೂಪ್‌ಗೆ ಈಗಲೇ ಹಾಕ್ತೀನಿ.

ಬಸವನಗುಡಿ ಅಜ್ಜ

ನನಗೆ 74. ಅರವತ್ತು ದಾಟಿದ ಗಂಡಸರಿಗೆ ಶೇ. 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ. 50 ಇತ್ತು. ವಯಸ್ಸು ಬರೆದರೆ ಸಾಕಿತ್ತು, ಯಾರ ಸೀಲೂ ಬೇಡ. ನಾನೂ ನಮ್ಮ ಮನೆಯವರೂ ಅದರ ಮೇಲೆ ವರ್ಷಕ್ಕೊಂದು ಸಲ ಮಂತ್ರಾಲಯಕ್ಕೆ ಹೋಗಿಬರ್ತಿದ್ದೆವು. ನಿಲ್ಲಿಸಿದವರು ಮತ್ತೆ ಕೊಡಲಿಲ್ಲ. ಸಂಸತ್ತಿನ ಸ್ಥಾಯಿ ಸಮಿತಿ ಕಡೇಪಕ್ಷ ಸ್ಲೀಪರ್, ಥರ್ಡ್ ಎಸಿಗಾದರೂ ಕೊಡಿ ಅಂತ ಶಿಫಾರಸು ಮಾಡಿತ್ತು. ಎಲ್ಲ ಪ್ರಯಾಣಿಕರಿಗೂ ಸರಾಸರಿ ಶೇ. 46 ಸಬ್ಸಿಡಿ ಇದ್ದೇ ಇದೆ ಅನ್ನೋದು 2024ರಲ್ಲಿ ಸರ್ಕಾರ ಕೊಟ್ಟ ಉತ್ತರ. ಪಿಂಚಣಿ ಇರೋ ನನಗೆ ನಡೆಯುತ್ತೆ. ಪಿಂಚಣಿ ಇಲ್ಲದ ರೈತ, ಕೂಲಿಯವನು ಮಗಳ ಮನೆಗೆ ಹೋಗೋಕೆ ಈಗ ಎರಡು ಸಲ ಯೋಚಿಸ್ತಾನೆ. ಇದು ಸರಿಯಲ್ಲ ಅಂತ ನಾನು ಸಾಯೋವರೆಗೂ ಹೇಳ್ತೀನಿ.

ತುಮಕೂರು ಪಾಸು

ಅಜ್ಜ, ನಿಮ್ಮ ಮಾತು ಒಪ್ತೀನಿ, ಸ್ಲೀಪರ್‌ನಲ್ಲಾದರೂ ಕೊಡಬೇಕು. ಎಸಿಯಲ್ಲಿ ಹೋಗೋ ಶಕ್ತಿ ಇರೋರಿಗೆ ಬೇಡ ಅಂತ ನನ್ನ ಅಭಿಪ್ರಾಯ.

ನಿವೃತ್ತ ಬುಕಿಂಗ್ ಕ್ಲರ್ಕ್

ಹಿರಿಯರೇ, ದರದ ರಿಯಾಯಿತಿ ಹೋದರೂ ಕೆಳಗಿನ ಬರ್ತ್ ಕೋಟಾ ಇದೆ. ಒಂದು ಸ್ಲೀಪರ್ ಬೋಗಿಗೆ ಆರೇಳು ಬರ್ತ್, ಥರ್ಡ್ ಎಸಿಗೆ ನಾಲ್ಕೈದು. ಫಾರ್ಮಲ್ಲಿ ಮೊಮ್ಮಕ್ಕಳನ್ನೂ ಸೇರಿಸಿ ಬರೆದರೆ ಆ ಕೋಟಾ ಸಿಗಲ್ಲ. ನೀವಿಬ್ಬರೇ ಒಂದು ಟಿಕೆಟ್ ತೆಗೆಸಿ, ಮಿಕ್ಕವರದ್ದು ಬೇರೆ ಫಾರ್ಮ್.

ಕರಾವಳಿ ಕಡೆಯವ

ಮೊದಲ ಪ್ರಶ್ನೆಗೆ ವಾಪಸ್ ಬರ್ತೇನೆ. ಕ್ಲರ್ಕ್ ಇಲ್ಲ ಅಂದಾಗ ಅಲ್ಲೇ ಜಗಳ ಮಾಡುವುದು ಬೇಡ ಮಾರಾಯ್ರೆ, ಸ್ಟೇಷನ್ ಮ್ಯಾನೇಜರ್ ಹತ್ತಿರ ಫಾರ್ಮ್ ಹಿಡ್ಕೊಂಡು ಹೋಗಿ. ನಮ್ಮ ತಂದೆಯವರ ಡಯಾಲಿಸಿಸ್ ಸಮಯದಲ್ಲಿ ನಮಗೂ ಹೀಗೇ ಆಗಿತ್ತು. ಮ್ಯಾನೇಜರ್ ಎದ್ದು ಬಂದು ಕೌಂಟರ್ ಒಳಗೆ ಹೋಗಿ ಎರಡು ಮಾತು ಹೇಳಿದರು, ಟಿಕೆಟ್ ಆಯಿತು. ಅವರೂ ಇಲ್ಲ ಅಂದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಅಥವಾ ರೈಲ್ವೆಯ ದೂರು ಆ್ಯಪ್ ರೈಲ್ ಮದದ್‌ನಲ್ಲಿ ಬರೆಯಿರಿ. ಸ್ಟೇಷನ್, ಕೌಂಟರ್ ನಂಬರ್, ಸಮಯ ಮೂರನ್ನೂ ಹಾಕಿ.

ನಿವೃತ್ತ ಬುಕಿಂಗ್ ಕ್ಲರ್ಕ್

ಸರಿಯಾದ ಮಾತು. ಒಂದು ಸೇರಿಸ್ತೀನಿ: 'ಆಗಲ್ಲ' ಅಂದರೆ 'ಫಾರ್ಮಲ್ಲಿ ಏನು ಕಮ್ಮಿ ಇದೆ ಹೇಳಿ ಸರ್, ಸರಿ ಮಾಡಿಸ್ಕೊಂಡು ಬರ್ತೀನಿ' ಅಂತ ಕೇಳಿ. ಕಮ್ಮಿ ಏನೂ ಇಲ್ಲದಿದ್ದರೆ ಅವರು ಮತ್ತೊಮ್ಮೆ ಓದ್ತಾರೆ. ಓದಿದರೆ ಟಿಕೆಟ್ ಕೊಡ್ತಾರೆ.

ಧಾರವಾಡದ ಮಗಳು

ಎಲ್ಲಾರಿಗೂ ಹೇಳಬೇಕಂತ ಬಂದೆ. ನಿನ್ನೆ ಮಧ್ಯಾಹ್ನ ಅರ್ಧ ದಿನ ರಜಾ ಹಾಕಿ ಎರಡೂವರಿಗೆ ಅದ ಸ್ಟೇಷನ್ನಿಗೆ ಹೋದೆ. ಪಾಳ್ಯಾಗ ಮೂರು ಮಂದಿ ಇದ್ರು. ಬ್ಯಾರೆ ಒಬ್ಬ ಮೇಡಂ ಕುಂತಿದ್ರು. ಸರ್ ಹೇಳಿದಂಗ ರಿಸರ್ವೇಷನ್ ಫಾರ್ಮ್ ಮ್ಯಾಲೆ ಬರದು, ಕೆಳಗ ಡಾಕ್ಟರ ಪತ್ರ, ಅದರ ಕೆಳಗ ಜೆರಾಕ್ಸ್, ಆಧಾರ್ ಜೆರಾಕ್ಸ್, ಒಂದ ಪಿನ್ ಹೊಡದು ಕೊಟ್ಟೆ. ಅವರು ಮೊದಲು ತಲಿ ಅಲ್ಲಾಡಿಸಿದ್ರು. 'ಏನು ಕಮ್ಮಿ ಐತಿ ಹೇಳ್ರಿ ಮೇಡಂ' ಅಂತ ಕೇಳಿದೆ. ಪತ್ರ ಪೂರ್ತಿ ಓದಿದ್ರು, ಬೆರಳಿಟ್ಟು ಸೀಲ್ ಮ್ಯಾಲಿನ ಅಕ್ಷರ ಒಂದೊಂದ ನೋಡಿದ್ರು, ಬಾಜೂಕ ಇದ್ದ ಹಿರಿಯರೊಬ್ಬರನ್ನ ಕರದು ಕೇಳಿದ್ರು. ಆಮ್ಯಾಲೆ ಟೈಪ್ ಮಾಡಾಕ ಶುರು ಮಾಡಿದ್ರು.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಸ್ಲೀಪರ್, ಅವ್ವಗ ಲೋವರ್, ಚಿಕ್ಕವ್ವಗ ಅದರ ಮ್ಯಾಲಿನ ಮಿಡಲ್. ಅವ್ವನ ಮೂಲ ದರ ಪೂರಾ ಮಾಫ್, ರಿಸರ್ವೇಷನ್ ಚಾರ್ಜ್ ಅಷ್ಟ. ಚಿಕ್ಕವ್ವನ ಕಾಲುಭಾಗ ಕೊಟ್ಟೆ. ಟಿಕೆಟ್ ಕೊಡುವಾಗ ಆ ಮೇಡಂ ಪತ್ರಾನ ಹೆಸರು ಕಾಣದಂಗ ಒಳಮುಖ ಮಡಚಿ ಕೊಟ್ರು. 'ಅಮ್ಮಂಗೆ ಎಷ್ಟನೇ ಕೀಮೋ' ಅಂತ ಸಣ್ಣ ದನಿಯಾಗ ಕೇಳಿದ್ರು. ನಾಕನೇದು ಅಂದೆ.

ಊರುಗೋಲು ಅಣ್ಣಾರ, ರೋಗಿಗಳಿಗೂ ಕಾರ್ಡ್ ಕೊಡ್ರಿ ಅನ್ನೂ ಅರ್ಜಿ ನೀವು ಬರೀರಿ, ಮೊದಲನೇ ಸಹಿ ನಂದು.

ಊರುಗೋಲು

ಇವತ್ತು ರಾತ್ರಿಯೇ ಕರಡು ಹಾಕ್ತೀನಿ ಅಕ್ಕ. ನಿವೃತ್ತ ಸರ್ ಒಮ್ಮೆ ತಿದ್ದಿಕೊಡಲಿ.

ಥಲಸ್ಸೀಮಿಯಾ ಅಪ್ಪ

ಎರಡನೇ ಸಹಿ ನನ್ನದು. ನಮ್ಮ ವಾರ್ಡ್‌ನಲ್ಲಿ ಇನ್ನೂ ಹನ್ನೆರಡು ಮನೆಯವರಿದ್ದಾರೆ, ಅವರದ್ದೂ ಹಾಕಿಸ್ತೀನಿ.